ಬಿಸಿಲು ಪುಕ್ಕಟೆ, ಸೋಲಾರ್ ಪುಕ್ಕಟೆಯಲ್ಲ

"ಸರ್ಕಾರದಿಂದ ಫ್ರೀ ಸೋಲಾರ್, ಇವತ್ತೇ ಕೊನೇ ದಿನ." ಈ ಮಾತು ಗೋಡೆಗೆ ಅಂಟಿಸಿದ ಚೀಟಿಯಲ್ಲಿ ಬರುತ್ತದೆ, ಮೊಬೈಲ್ ಮೆಸೇಜಿನಲ್ಲಿ ಬರುತ್ತದೆ, ಹೆಗಲಿಗೆ ಬ್ಯಾಗು ಹಾಕಿಕೊಂಡು ಮನೆ ಬಾಗಿಲಿಗೆ ಬಂದ ಹುಡುಗನ ಬಾಯಲ್ಲೂ ಬರುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಜನ ಇದಕ್ಕೆ ಕಿವಿಗೊಟ್ಟರೆ ಆಶ್ಚರ್ಯವೇನಿಲ್ಲ. ಈ ಸೀಮೆಯಲ್ಲಿ ಬರ ಇರೋದು ನೀರಿಗೆ, ಬಿಸಿಲಿಗಲ್ಲ. ತಾರಸಿ ಖಾಲಿ ಬಿದ್ದಿದೆ, ಕರೆಂಟು ಬಿಲ್ಲು ಏರುತ್ತಿದೆ. ಆಸೆ ಹುಟ್ಟೋದು ಸಹಜ.

ಆಸೆ ತಪ್ಪಲ್ಲ. ಸೋಲಾರೂ ಮೋಸವಲ್ಲ. ಸರಿಯಾದ ಮನೆಗೆ, ಸರಿಯಾದ ಕೈಯಿಂದ ಕೂತರೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ದುಡಿಯುವ ಎತ್ತು ಅದು. ಆದರೆ ಬಿಸಿಲು ಪುಕ್ಕಟೆ ಅಂದ ಮಾತ್ರಕ್ಕೆ ಅದನ್ನು ಹಿಡಿಯುವ ಪ್ಯಾನೆಲ್ ಪುಕ್ಕಟೆಯಾಗುವುದಿಲ್ಲ. ಈ ಎರಡರ ನಡುವಿನ ಸಂದಿಯಲ್ಲೇ ಟೋಪಿ ಹಾಕುವ ಆಸಾಮಿಗಳು ನುಸುಳುವುದು. ನಾಲ್ಕು ಕಾಸು ಕೂಡಿಸಿಟ್ಟ ಅಂಗಡಿಯವರು, ದಿನಾ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ದುಡಿದು ಬರುವವರು ಒಂದೂವರೆ ಎರಡು ಲಕ್ಷ ಹಾಕುವ ವ್ಯವಹಾರ ಇದು. ಕಣ್ಣು ಬಿಟ್ಟು ಮಾಡಬೇಕು.

ಮುಫ್ತ್ ಅಂದರೆ ಏನು?

ಗೊಂದಲದ ಮೂಲ ಯೋಜನೆಯ ಹೆಸರಿನಲ್ಲೇ ಇದೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ತಂದದ್ದು 'ಪಿಎಂ ಸೂರ್ಯ ಘರ್: ಮುಫ್ತ್ ಬಿಜಲಿ ಯೋಜನೆ'. ಒಂದು ಕೋಟಿ ಮನೆಗಳ ಗುರಿ, 75 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ ಹಣ. 'ಮುಫ್ತ್' ಅಂದರೆ ಪುಕ್ಕಟೆ. ಆದರೆ ಪುಕ್ಕಟೆ ಅಂತ ಹೇಳಿದ್ದು ಮುಂದೆ ತಾರಸಿಯಲ್ಲಿ ಹುಟ್ಟುವ ಕರೆಂಟಿಗೆ. ಪ್ಯಾನೆಲಿಗೆ ಮನೆಯವರೇ ದುಡ್ಡು ಹಾಕಬೇಕು, ಸರ್ಕಾರ ಕೊಡೋದು ಸಬ್ಸಿಡಿ ಮಾತ್ರ.

ಆ ಸಬ್ಸಿಡಿಯ ಲೆಕ್ಕ ಹೀಗೆ: 1 ಕಿಲೋವಾಟಿಗೆ 30 ಸಾವಿರ, 2 ಕಿಲೋವಾಟಿಗೆ 60 ಸಾವಿರ, 3 ಕಿಲೋವಾಟಿಗೆ 78 ಸಾವಿರ ರೂಪಾಯಿ. ಅಲ್ಲಿಗೆ ನಿಂತಿತು. 5 ಕಿಲೋವಾಟ್ ಹಾಕಿದರೂ 78 ಸಾವಿರವೇ. ಈ ಸಬ್ಸಿಡಿ ಹಾಕುವಾಗ ಸರ್ಕಾರ ಹಿಡಿದ ಬೆಲೆ ಮೊದಲೆರಡು ಕಿಲೋವಾಟಿಗೆ ತಲಾ 50 ಸಾವಿರ, ಮೂರನೆಯದಕ್ಕೆ 45 ಸಾವಿರ. ಪೇಟೆಯಲ್ಲಿ ಅದಕ್ಕಿಂತ ಹೆಚ್ಚು ಕೇಳುವುದುಂಟು, ಮಾಲಿನ ಗುಣ ನೋಡಿ ಕೊಡಬೇಕಾದೀತು. ಆದರೆ ಈ ಲೆಕ್ಕ ತಲೆಯಲ್ಲಿದ್ದರೆ ಯಾರೂ ಬಾಯಿಗೆ ಬಂದ ರೇಟು ಹೇಳಿ ದಕ್ಕಿಸಿಕೊಳ್ಳಲಾಗದು. ಸೋಲಾರ್ ಸಾಮಾನಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಅದು ಕೊಟೇಶನ್ನಿನಲ್ಲಿ ಇಳಿದಿದೆಯಾ ಅಂತ ನೋಡುವುದು ಅಂಗಡಿ ನಡೆಸುವವರಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ.

ಇನ್ನೊಂದು ಮಾತು. ಸಬ್ಸಿಡಿ ಹಣ ಸೋಲಾರ್ ಹಾಕುವವನ ಕೈಗೆ ಬರುವುದಿಲ್ಲ. ಕೆಲಸ ಮುಗಿದು, ಮೀಟರು ಕೂತು, ಬೆಸ್ಕಾಂನವರು ಒಪ್ಪಿದ ಮೇಲೆ ನೇರವಾಗಿ ಮನೆಯವರ ಬ್ಯಾಂಕ್ ಖಾತೆಗೇ ಬರುತ್ತದೆ. ಆದ್ದರಿಂದ "ಸಬ್ಸಿಡಿ ಬಿಡಿಸಿಕೊಡ್ತೀನಿ, ಐದು ಸಾವಿರ ಮುಂಗಡ ಕೊಡಿ ಅಣ್ಣಾ" ಅನ್ನುವವನನ್ನು ಒಳಗೆ ಕೂರಿಸಿ ಕಾಫಿ ಕೊಡುವ ಅಗತ್ಯವೂ ಇಲ್ಲ. ರಾಷ್ಟ್ರೀಯ ಪೋರ್ಟಲ್‌ನಲ್ಲಿ ಅರ್ಜಿ ಹಾಕೋಕೆ ಫೀಸಿಲ್ಲ. ಮೀಟರಿನ ಶುಲ್ಕ ಏನಿದ್ದರೂ ಬೆಸ್ಕಾಂ ನಿಗದಿ ಮಾಡಿದ್ದು, ರಸೀದಿ ಸಮೇತ ಕಟ್ಟುವಂಥದ್ದು. ಒಟಿಪಿ ಕೇಳಿದರೆ ಕೊಡಕೂಡದು. ಮೆಸೇಜಿನಲ್ಲಿ ಬಂದ ಲಿಂಕು ಒತ್ತಿ ಆ್ಯಪು ಇಳಿಸಿಕೊಳ್ಳಕೂಡದು.

"ನಮ್ಮದು ಸೆಂಟ್ರಲ್ ಗೌರ್ಮೆಂಟ್ ಅಪ್ರೂವ್ಡ್ ಕಂಪನಿ" ಅನ್ನುವವರೂ ಇದ್ದಾರೆ. ಹಿಂದಿನ ಚಾವಣಿ ಸೋಲಾರ್ ಯೋಜನೆಯ ಕಾಲದಲ್ಲೇ, 2021ರಲ್ಲಿ, ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ ತಾನು ಯಾವ ಕಂಪನಿಗೂ ಇಂಥ ಅಧಿಕಾರ ಕೊಟ್ಟಿಲ್ಲ ಅಂತ ಪ್ರಕಟಣೆ ಹೊರಡಿಸಬೇಕಾಯಿತು. ರೈತರ ಸೋಲಾರ್ ಪಂಪಿನ ಕುಸುಮ್ ಯೋಜನೆಯ ಹೆಸರಲ್ಲೂ ನಕಲಿ ವೆಬ್‌ಸೈಟುಗಳು ಎದ್ದು, ನೋಂದಣಿ ಫೀಸು ಅಂತ ದುಡ್ಡು ಕೀಳುತ್ತಿದ್ದ ಕಾರಣ ಅದೇ ಸಚಿವಾಲಯ ಮತ್ತೆ ಮತ್ತೆ ಎಚ್ಚರಿಕೆ ಕೊಟ್ಟಿದೆ.

ಮೊದಲು ಬಿಲ್ಲು ನೋಡಬೇಕು

ಸೋಲಾರ್ ಬೇಕಾ ಬೇಡವಾ ಅಂತ ಹೇಳೋದು ಏಜೆಂಟಲ್ಲ, ಮನೆಯ ಕರೆಂಟು ಬಿಲ್ಲು. ರಾಜ್ಯ ಸರ್ಕಾರದ ಗೃಹಜ್ಯೋತಿ 2023ರ ಜುಲೈನಿಂದ ಇದೆ. 2022-23ರಲ್ಲಿ ಬಳಸಿದ ಸರಾಸರಿಗೆ ಶೇಕಡಾ 10 ಸೇರಿಸಿ, 200 ಯೂನಿಟ್ ಮೀರದಂತೆ ಬಿಲ್ಲು ಮನ್ನಾ. ತಿಂಗಳಿಗೆ 80-90 ಯೂನಿಟ್ ಉರಿಸಿ ಸೊನ್ನೆ ಬಿಲ್ಲು ತೋರಿಸುವ ಮನೆಗೆ ಲಕ್ಷ ರೂಪಾಯಿಯ ಸೋಲಾರ್ ಏನನ್ನು ಉಳಿಸಿಕೊಡುತ್ತದೆ? ಸೊನ್ನೆಯಲ್ಲಿ ಕಳೆಯುವುದು ಏನನ್ನು? ಅಂಥ ಮನೆಗೆ "ಬಿಲ್ಲು ಉಳಿಯುತ್ತೆ ಅಕ್ಕಾ" ಅಂತ ಸೋಲಾರ್ ಮಾರಲು ಬಂದವನು ಬಿಲ್ಲನ್ನೇ ಕೇಳದಿದ್ದರೆ, ಅವನ ಬಗ್ಗೆ ತಿಳಿಯಬೇಕಾದ್ದು ಅಲ್ಲೇ ತಿಳಿಯಿತು.

ಲೆಕ್ಕ ಬದಲಾಗುವುದು 200 ದಾಟುವ ಮನೆಯಲ್ಲಿ. ಫ್ರಿಜ್ಜು, ಮೋಟಾರು, ಗೀಸರು, ಮೇಲೊಂದು ಎಸಿ ಇರುವ ಮನೆ 250 ಯೂನಿಟ್ ಮುಟ್ಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಯೂನಿಟ್ಟಿಗೆ ಸುಮಾರು ಆರು ರೂಪಾಯಿಯಂತೆ ಹಿಡಿದರೂ ಒಂದೂವರೆ ಸಾವಿರ, ಮೇಲೆ ನಿಗದಿತ ಶುಲ್ಕ. ಒಂದು ಕಿಲೋವಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ, ತಿಂಗಳಿಗೆ 120. ಎರಡು ಕಿಲೋವಾಟಿಗೆ 240. ಸಬ್ಸಿಡಿ ಕಳೆದು 60ರಿಂದ 80 ಸಾವಿರ ಕೈಯಿಂದ ಬಿದ್ದರೆ ನಾಲ್ಕೈದು ವರ್ಷದಲ್ಲಿ ಅಸಲು ವಾಪಸು. ಇದು ನ್ಯಾಯವಾದ ಲೆಕ್ಕ. "ಒಂದೇ ವರ್ಷದಲ್ಲಿ ದುಡ್ಡು ಬರುತ್ತೆ" ಅನ್ನೋದು ಚೀಟಿ ಕಂಪನಿಯ ಭಾಷೆ.

ಅಂಗಡಿಯವರಿಗೆ ಇಲ್ಲೊಂದು ಗುಂಡಿ ಇದೆ. ಕೆಳಗೆ ಅಂಗಡಿ, ಮೇಲೆ ಮನೆ, ಎರಡು ಮೀಟರು. ಸಬ್ಸಿಡಿ ಸಿಗೋದು ಮನೆ ಮೀಟರಿಗೆ ಮಾತ್ರ, ಅಂಗಡಿಯ ಕಮರ್ಷಿಯಲ್ ಮೀಟರಿಗೆ ಇಲ್ಲ. "ಎರಡಕ್ಕೂ ಸೇರಿಸಿ ಮಾಡಿಕೊಡ್ತೀನಿ, ಅಡ್ಜಸ್ಟ್ ಆಗುತ್ತೆ" ಅನ್ನುವವನು ನಾಳೆ ಮಾಲೀಕನನ್ನೇ ಅಡ್ಜಸ್ಟ್ ಮಾಡುತ್ತಾನೆ.

ಕರೆಂಟು ಹೋದಾಗ ಏನಾಗುತ್ತದೆ?

ಏಜೆಂಟರು ಬಾಯಿ ಬಿಡದ ವಿಷಯ ಇದು. ಸಬ್ಸಿಡಿಯಲ್ಲಿ ಸಾಮಾನ್ಯವಾಗಿ ಹಾಕುವ ಬ್ಯಾಟರಿ ಇಲ್ಲದ ಸೋಲಾರ್ ಬೆಸ್ಕಾಂ ಲೈನಿಗೆ ಜೋಡಿಸಿದ್ದು. ಲೈನಿನಲ್ಲಿ ಕರೆಂಟು ಹೋದ ಕೂಡಲೆ ಅದೂ ತಾನಾಗಿ ನಿಲ್ಲುತ್ತದೆ, ಮಟಮಟ ಮಧ್ಯಾಹ್ನ ಸೂರ್ಯ ಉರಿಯುತ್ತಿದ್ದರೂ ಸರಿಯೆ. ಇದು ದೋಷವಲ್ಲ. ಕಂಬ ಹತ್ತಿ ರಿಪೇರಿ ಮಾಡುವ ಲೈನ್‌ಮ್ಯಾನಿಗೆ ತಾರಸಿಯ ಕರೆಂಟು ಹೊಡೆಯಬಾರದಲ್ಲ, ಅದಕ್ಕಾಗಿ ಮಾಡಿದ ಏರ್ಪಾಡು. ಪವರ್ ಕಟ್ಟಿನಲ್ಲೂ ಉರಿಯಬೇಕೆಂದರೆ ಬ್ಯಾಟರಿ ಇರುವ ಬೇರೆ ಬಗೆಯ ಇನ್ವರ್ಟರ್ ಬೇಕು, ಅದಕ್ಕೆ ಬೇರೆ ದುಡ್ಡು. "ಹಾಕಿಸಿದ್ರೆ ಪವರ್ ಕಟ್ ಅನ್ನೋದೇ ಇರಲ್ಲ" ಅಂತ ಬ್ಯಾಟರಿ ಮಾತೆತ್ತದೆ ಹೇಳುವವನಿಗೆ ಒಂದೋ ಕೆಲಸ ಗೊತ್ತಿಲ್ಲ, ಇಲ್ಲಾ ಸುಳ್ಳು ಹೇಳುತ್ತಿದ್ದಾನೆ. ಎರಡರಲ್ಲಿ ಯಾವುದಾದರೂ ಅವನನ್ನು ತಾರಸಿ ಹತ್ತಿಸುವಂತಿಲ್ಲ.

ಮಂಡಿಯ ಬುದ್ಧಿ ತಾರಸಿಯಲ್ಲೂ ಇರಲಿ

ಹಾಗಾದರೆ ನಂಬಿಕಸ್ಥನನ್ನು ಗುರುತಿಸೋದು ಹೇಗೆ? ಈ ಜಿಲ್ಲೆಯ ಜನ ತಮ್ಮ ಕಸುಬಿನಲ್ಲಿ ದಿನಾ ಮಾಡುವುದನ್ನೇ ಇಲ್ಲೂ ಮಾಡಿದರೆ ಸಾಕು.

ಕೋಲಾರದ ಟೊಮೆಟೊ ಮಂಡಿಯಲ್ಲಿ ಮಾಲು ತಂದ ರೈತ ಪಟ್ಟಿ ಇಲ್ಲದೆ ಮನೆಗೆ ಹೋಗುವುದಿಲ್ಲ. ಎಷ್ಟು ಬಾಕ್ಸು, ಏನು ರೇಟು, ಎಷ್ಟು ಕಳೆದರು, ಎಲ್ಲಾ ಅದರಲ್ಲಿರಬೇಕು. ಸೋಲಾರಿಗೂ ಹಾಗೇ ಕಾಗದ ಬೇಕು. ಪ್ಯಾನೆಲ್ ಯಾವ ಕಂಪನಿ, ಎಷ್ಟು ವಾಟಿನದು, ಎಷ್ಟು ಪ್ಯಾನೆಲ್, ಇನ್ವರ್ಟರ್ ಯಾವುದು, ಸ್ಟ್ಯಾಂಡು ಕಬ್ಬಿಣಕ್ಕೆ ಗ್ಯಾಲ್ವನೈಸ್ ಆಗಿದೆಯಾ, ಅರ್ತಿಂಗ್ ಗುಂಡಿ ಎಷ್ಟು, ಸಿಡಿಲು ತಡೆ ಇದೆಯಾ, ಮೀಟರ್ ಕೆಲಸ ಯಾರದು, ಒಟ್ಟು ಎಷ್ಟು. ಪೋರ್ಟಲ್‌ನಲ್ಲಿ ಗ್ರಾಹಕ ಮತ್ತು ಕೆಲಸದವರ ನಡುವಿನ ಒಪ್ಪಂದದ ನಮೂನೆಯೇ ಇದೆ. ಐದು ವರ್ಷ ನಿರ್ವಹಣೆ ಅವರದೇ ಜವಾಬ್ದಾರಿ ಅಂತ ಅದರಲ್ಲಿದೆ. ಅದಕ್ಕೆ ಸಹಿ ಹಾಕೋಕೆ ಹಿಂದೆ ಮುಂದೆ ನೋಡುವವನು ಐದು ತಿಂಗಳೂ ಇರುವ ಪೈಕಿಯಲ್ಲ.

ಬೋರ್‌ವೆಲ್ ಕೊರೆಸುವಾಗ ಕೇಸಿಂಗ್ ಪೈಪು ಎಷ್ಟು ಅಡಿ ಇಳಿಯಿತು ಅಂತ ರಾತ್ರಿಯೆಲ್ಲಾ ಲಾರಿ ಪಕ್ಕ ನಿಂತು ಎಣಿಸುವವರು ಈ ಜಿಲ್ಲೆಯ ರೈತರು. ಅದೇ ಎಣಿಕೆ ಇಲ್ಲೂ ಬೇಕು. ಪ್ರತಿ ಪ್ಯಾನೆಲಿನ ಬೆನ್ನಿನ ಚೀಟಿಯಲ್ಲಿ ವಾಟು, ಸೀರಿಯಲ್ ನಂಬರು ಇರುತ್ತದೆ. ಮೇಲೇರಿಸುವ ಮುಂಚೆ ಬರೆದುಕೊಂಡು ಬಿಲ್ಲಿನ ಜೊತೆ ತಾಳೆ ನೋಡಬೇಕು. 540 ವಾಟಿನ ಆರು ಪ್ಯಾನೆಲ್ ಅಂದರೆ 3,240 ವಾಟು, ಮೂರು ಕಿಲೋವಾಟ್ ಸರಿಹೋಯಿತು. ನಾಲ್ಕೇ ಪ್ಯಾನೆಲ್ ಕೂರಿಸಿ, ಇನ್ವರ್ಟರ್ ಮೇಲಿನ '3' ಅನ್ನೋ ಅಂಕಿ ತೋರಿಸಿದರೆ ಅದು ಮೂರು ಕಿಲೋವಾಟ್ ಅಲ್ಲ, ಮೂರು ನಾಮ. ಸಬ್ಸಿಡಿ ಬೇಕಾದರೆ ಪ್ಯಾನೆಲಷ್ಟೇ ಅಲ್ಲ, ಅದರೊಳಗಿನ ಸೆಲ್ಲೂ ಭಾರತದಲ್ಲೇ ತಯಾರಾಗಿರಬೇಕು. ಅದಕ್ಕೆ 'ಡಿಸಿಆರ್ ಪ್ಯಾನೆಲ್' ಅನ್ನುತ್ತಾರೆ. ಅಗ್ಗದ ಬೇರೆ ಪ್ಯಾನೆಲ್ ಹಾಕಿ ಹೋದರೆ ಸಬ್ಸಿಡಿ ಕೈತಪ್ಪೋದು ಮನೆಯವರಿಗೆ.

ಮಾಲೂರಿನಲ್ಲಿ ಇಟ್ಟಿಗೆ ಕೊಳ್ಳುವ ಮೇಸ್ತ್ರಿ ಎರಡನ್ನು ತಟ್ಟಿ ಸದ್ದು ಕೇಳುತ್ತಾನೆ. ಸೋಲಾರಿನಲ್ಲಿ ತಟ್ಟಿ ನೋಡಬೇಕಾದ್ದು ಅವರ ಹಳೇ ಕೆಲಸವನ್ನು. ಎರಡು ಮೂರು ವರ್ಷದ ಹಿಂದೆ ಹಾಕಿದ ನಾಲ್ಕು ಮನೆ ತೋರಿಸಿ ಅನ್ನಬೇಕು. ಹೋಗಿ ಆ ಮನೆಯ ಹೆಂಗಸರನ್ನು ಮಾತಾಡಿಸಬೇಕು. ಕೆಟ್ಟಾಗ ಎಷ್ಟು ದಿನಕ್ಕೆ ಬಂದರು? ಸಬ್ಸಿಡಿ ಬಂತಾ? ತಾರಸಿ ಸೋರುತ್ತಿದೆಯಾ? ಬೋಲ್ಟು ಹೊಡೆಯೋಕೆ ತಾರಸಿ ಕೊರೆದು ಹಾಗೇ ಬಿಟ್ಟರೆ ಮೊದಲ ಮಳೆಗೇ ಒಳಗೆ ತೊಟ್ಟಿಕ್ಕುತ್ತದೆ. ಮುಂಗಾರಿಗೆ ಮುಂಚೆ ಏಪ್ರಿಲ್-ಮೇನಲ್ಲಿ ಈ ಕಡೆ ಬೀಸುವ ಗಾಳಿಗೆ ಶೀಟುಗಳೇ ಹಾರುತ್ತವೆ, ಸಡಿಲವಾಗಿ ನಿಲ್ಲಿಸಿದ ಸ್ಟ್ಯಾಂಡು ಉಳಿದೀತೆ?

ಒಳ್ಳೆ ಕೆಲಸಗಾರ ಮಾತಿಗಿಂತ ಮುಂಚೆ ತಾರಸಿ ಹತ್ತುತ್ತಾನೆ. ಪಕ್ಕದ ತೆಂಗಿನ ಮರದ ನೆರಳು, ನೀರಿನ ಟ್ಯಾಂಕಿನ ನೆರಳು ಎಲ್ಲಿ ಬೀಳುತ್ತದೆ ಅಂತ ನೋಡುತ್ತಾನೆ. ಕಿಲೋವಾಟಿಗೆ ನೂರು ಚದರಡಿಯಷ್ಟು ಜಾಗ ಅಳೆಯುತ್ತಾನೆ, ದಕ್ಷಿಣಕ್ಕೆ ಮುಖ ಮಾಡಿ ಇಡಲು ದಿಕ್ಕು ನೋಡುತ್ತಾನೆ. ತೊಳೆಯೋಕೆ ಯಾವ ನೀರು ಅಂತಲೂ ಕೇಳುತ್ತಾನೆ. ಇಲ್ಲಿನ ಬೋರ್ ನೀರು ಗಡಸು, ಒಣಗಿದರೆ ಗಾಜಿನ ಮೇಲೆ ಬಿಳೀ ಕರೆ ಕಟ್ಟುತ್ತದೆ. ಫೋನಿನಲ್ಲೇ ಎಲ್ಲಾ ಮುಗಿಸಿ "ನಾಳೆ ಮಾಲು ಇಳಿಸ್ತೀವಿ" ಅನ್ನುವವನು ಈ ಪೈಕಿಯವನಲ್ಲ.

ಮುಳಬಾಗಿಲು ಗಡಿ ಊರು. ಆ ಕಡೆ ಆಂಧ್ರದಿಂದಲೂ, ಈ ಕಡೆ ಬೆಂಗಳೂರಿನಿಂದಲೂ ಏಜೆಂಟರು ಬರಬಹುದು. ಬರಲಿ, ಊರು ಯಾವುದಾದರೇನು. ಕೇಳಬೇಕಾದ್ದು ಒಂದೇ: ಬೆಸ್ಕಾಂ ವ್ಯಾಪ್ತಿಯಲ್ಲಿ ನೋಂದಣಿ ಆಗಿದೆಯಾ? ಪೋರ್ಟಲ್‌ನ ಪಟ್ಟಿಯಲ್ಲಿ ಹೆಸರಿದೆಯಾ? ಪಟ್ಟಿಯಲ್ಲಿರೋದು ಒಂದು ಹೆಸರು, ವಿಸಿಟಿಂಗ್ ಕಾರ್ಡಿನಲ್ಲಿ ಇನ್ನೊಂದು, ದುಡ್ಡು ಹಾಕು ಅನ್ನೋದು ಮೂರನೆಯವನ ಖಾತೆಗೆ ಅಂದರೆ ಅಲ್ಲಿಗೆ ಕೈಮುಗಿಯಬೇಕು. ಸರ್ವಿಸಿಗೆ ಜನ ಎಲ್ಲಿಂದ ಬರುತ್ತಾರೆ ಅಂತಲೂ ಕೇಳಬೇಕು. ಕೋಲಾರದಲ್ಲೋ ಮುಳಬಾಗಿಲಿನಲ್ಲೋ ಒಬ್ಬ ಮೆಕ್ಯಾನಿಕ್ ಇಲ್ಲದ ಕಂಪನಿಯ 25 ವರ್ಷದ ವಾರಂಟಿ ಬರೀ ಕಾಗದದ ಹೂವು. ಆ 25 ವರ್ಷವೂ ಪ್ಯಾನೆಲ್ ತಯಾರಿಸಿದ ಕಂಪನಿ ಕೊಡುವ ಮಾತು, ಹಾಕಿದವನದಲ್ಲ. ಇನ್ವರ್ಟರ್ ವಾರಂಟಿ ಬೇರೆ, ವರ್ಷವೂ ಕಡಿಮೆ. ಮೂರನ್ನೂ ಬಿಡಿಸಿ ಬರೆಸಿಕೊಳ್ಳಬೇಕು.

ಇನ್ನು ದುಡ್ಡಿನ ಮಾತು. ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಹೂವು ನೋಡಿ ಬೆಳೆ ಹಿಡಿಯುವ ವ್ಯಾಪಾರಿ ಹೂವಿಗೇ ಪೂರ್ತಿ ದುಡ್ಡು ಸುರಿಯುತ್ತಾನೆಯೇ? ಮುಂಗಡ ಕೊಡುತ್ತಾನೆ, ಕಾಯಿ ನಿಂತಾಗ ಒಂದಿಷ್ಟು, ಕೊಯ್ಲಿಗೆ ಮಿಕ್ಕಿದ್ದು. ಸೋಲಾರಿಗೂ ಅದೇ ನ್ಯಾಯ. ಆರ್ಡರಿಗೆ ಸ್ವಲ್ಪ, ಮಾಲು ಬಂದು ನಂಬರು ತಾಳೆಯಾದ ಮೇಲೆ ದೊಡ್ಡ ಪಾಲು, ಬೆಸ್ಕಾಂ ಮೀಟರು ತಿರುಗಿದ ಮೇಲೆ ಕೊನೇ ಕಂತು. ಕೊನೇ ಕಂತು ಕೈಯಲ್ಲಿದ್ದರೆ ಕೆಲಸದವನಿಗೆ ಮನೆ ದಾರಿ ನೆನಪಿರುತ್ತದೆ. ಪೂರ್ತಿ ಕೊಟ್ಟರೆ? ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ಬ್ಯಾಂಕ್ ಸಾಲದಲ್ಲಿ ಇನ್ನೂ ಎಚ್ಚರ ಬೇಕು. ಸಾಲ ಇರೋದು ಮನೆಯವರ ಹೆಸರಿನಲ್ಲಿ. ಕೆಲಸದವನು ಮಂಗಮಾಯವಾದರೂ ಕಂತು ಮಾಯವಾಗುವುದಿಲ್ಲ.

ಹಳೇ ಪಾಠಗಳು

ನಂಬಿಕೆಯ ಸೋಲಾರ್ ವ್ಯವಹಾರ ಹೇಗಿರುತ್ತದೆ ಅಂತ ಕರ್ನಾಟಕಕ್ಕೆ ಗೊತ್ತಿಲ್ಲದ್ದೇನಲ್ಲ. 1995ರಲ್ಲಿ ಹರೀಶ್ ಹಂದೆ ಮತ್ತು ಜೊತೆಗಾರರು ಸೆಲ್ಕೋ ಶುರು ಮಾಡಿದಾಗ ಮಾರಿದ್ದು ಕರೆಂಟಿಲ್ಲದ ಹಳ್ಳಿ ಮನೆಗಳ ಎರಡು-ನಾಲ್ಕು ದೀಪ. ಬಡವರಿಗೆ ಬ್ಯಾಂಕಿನಿಂದ ಸಾಲ ಕೊಡಿಸುವುದು, ಕೆಟ್ಟರೆ ಮನೆ ಬಾಗಿಲಿಗೇ ಹೋಗಿ ಸರಿಮಾಡುವುದು, ಇವೆರಡರ ಮೇಲೆ ಆ ಕೆಲಸ ನಿಂತಿತು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗದ ನೆರವಿನಿಂದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಸೋಲಾರ್ ಸಾಲ ಕೊಡಲು ಹೊರಟಾಗಲೂ ಕಂಡಕಂಡವರ ಮಾಲಿಗೆ ಕೊಡಲಿಲ್ಲ, ಅರ್ಹತೆ ನೋಡಿ ಆರಿಸಿದ ಕೆಲವೇ ಕಂಪನಿಗಳಿಗೆ ಕೊಟ್ಟವು. ಕೆಲವೇ ವರ್ಷದಲ್ಲಿ ಸಾವಿರಾರು ಮನೆಗೆ ಬೆಳಕು ಬಂತು. ಯಾವ ಕಂಪನಿಯನ್ನೂ ಹೊಗಳುವುದಕ್ಕೆ ಹೇಳಿದ ಮಾತಲ್ಲ ಇದು. ಮಾರಿದ ಮೇಲೆ ವಾಪಸು ಬರುವವನೇ ನಂಬಿಕಸ್ಥ ಅನ್ನುವುದಕ್ಕೆ ಹೇಳಿದ್ದು.

ಕಹಿ ಪಾಠವೂ ಒಂದಿದೆ. 2013ರ ಅಕ್ಟೋಬರ್‌ನಲ್ಲಿ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಸಬ್ಸಿಡಿ ಇಲ್ಲದ ಚಾವಣಿ ಸೋಲಾರಿಗೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ ಅಂತ ಒಳ್ಳೆ ದರ ಕೊಟ್ಟಿತು. 2016ರ ಮೇ ತಿಂಗಳಲ್ಲಿ ದರ ಇಳಿಯಿತು. ಹೇಳಿದ ಗಡುವಿಗೆ ಕೆಲಸ ಮುಗಿಸಿಕೊಳ್ಳದವರಿಗೆ ಹಳೇ ದರ ಕೈತಪ್ಪಿತು. ಕೆಲಸ ಎಂದು ಮುಗಿಯಬೇಕು ಅನ್ನುವ ತಾರೀಖು ಒಪ್ಪಂದದಲ್ಲಿ ಯಾಕಿರಬೇಕು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಸೂರ್ಯ ಘರ್ ಯೋಜನೆಗೂ 2026-27ರ ಆರ್ಥಿಕ ವರ್ಷದವರೆಗೆ ಅಂತ ಅವಧಿ ಹಾಕಿದ್ದಾರೆ. ಹಾಗಂತ "ಇವತ್ತೇ ಕೊನೇ ದಿನ" ಅನ್ನುವವನ ಮಾತಿಗೆ ಓಡಬೇಕಾಗಿಲ್ಲ. ಒಂದು ವಾರ ತಡೆದು ಮೂರು ಕಡೆ ಕೊಟೇಶನ್ ತರಿಸಿದರೆ ಸೂರ್ಯನೇನೂ ಮುಳುಗಿಹೋಗುವುದಿಲ್ಲ.

ಮೋಸ ಹೋದ ಮೇಲೆ

ಎಷ್ಟೇ ಎಚ್ಚರವಿದ್ದರೂ ಒಬ್ಬೊಬ್ಬರು ಸಿಕ್ಕಿಬೀಳುತ್ತಾರೆ. ನಾಚಿಕೊಂಡು ಸುಮ್ಮನೆ ಕೂರಬಾರದು. ಬೆಸ್ಕಾಂಗೆ 1912, ಸೂರ್ಯ ಘರ್ ಯೋಜನೆಗೆ 15555, ಗ್ರಾಹಕರ ಸಹಾಯವಾಣಿ 1915. ಫೋನಿನಲ್ಲಿ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧದ 1930. ಕೋಲಾರದಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದೂ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು. ಆದರೆ ಅಲ್ಲಿ ಕೇಳುವ ಮೊದಲ ಮಾತು "ಬಿಲ್ಲು ಎಲ್ಲಿ?" ಜಿಎಸ್‌ಟಿ ಉಳಿಸೋಣ ಅಂತ ಬಿಳೀ ಚೀಟಿಯಲ್ಲಿ ವ್ಯವಹಾರ ಮಾಡಿದವರು ಅಲ್ಲಿ ಬಾಯಿ ಬಿಡುವಂತಿಲ್ಲ.

ಬೆಸ್ಕಾಂನವರೇ, ಒಂದು ಹಾಳೆ ಅಂಟಿಸಿ

ಎಲ್ಲಾ ಎಚ್ಚರಿಕೆಯನ್ನೂ ಜನರ ತಲೆಗೇ ಕಟ್ಟುವುದು ನ್ಯಾಯವಲ್ಲ. ನೋಂದಾಯಿತರ ಪಟ್ಟಿ ಪೋರ್ಟಲ್‌ನಲ್ಲಿದೆ ಅಂದರೆ ಆಯಿತೆ? ಮೊಬೈಲಿನಲ್ಲಿ ಪೋರ್ಟಲ್ ತೆಗೆಯಲು ಬಾರದ ಅಜ್ಜ ಕರೆಂಟಿನ ವಿಚಾರ ಕೇಳಲು ಬರುವುದು ಬೆಸ್ಕಾಂ ಕಚೇರಿಯ ಕಿಟಕಿಗೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಚೇರಿಗಳ ನೋಟಿಸ್ ಬೋರ್ಡಿನಲ್ಲಿ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಆ ಪಟ್ಟಿ ಹಾಕಲಿ. ಪ್ರತಿ ತಿಂಗಳು ಹೊಸದು ಅಂಟಿಸಲಿ. ಯಾರ ಮೇಲೆ ಎಷ್ಟು ದೂರು ಬಂತು, ಎಷ್ಟು ಬಗೆಹರಿಯಿತು ಅಂತ ಪಕ್ಕದಲ್ಲೇ ಬರೆಯಲಿ. ಸಬ್ಸಿಡಿ ಎಷ್ಟು, ಫೀಸು ಎಷ್ಟು, ಸೋಲಾರ್ ಹಾಕಿಸಿದ ಮೇಲೆ ಗೃಹಜ್ಯೋತಿ ಏನಾಗುತ್ತದೆ ಅನ್ನುವ ಮೂರು ಸಾಲೂ ಇರಲಿ. ಅದೇ ಹಾಳೆಯ ಪ್ರತಿ ಗ್ರಾಮ ಪಂಚಾಯಿತಿಗೆ, ಬಸ್ ನಿಲ್ದಾಣಕ್ಕೆ ಹೋಗಲಿ. ಇದಕ್ಕೆ ಟೆಂಡರ್ ಬೇಡ, ಮಂತ್ರಿಗಳ ಉದ್ಘಾಟನೆ ಬೇಡ. ಒಂದು ಹಾಳೆ, ಒಂದಿಷ್ಟು ಗೋಂದು ಸಾಕು. ಮೋಸಗಾರರ ಚೀಟಿ ಗೋಡೆ ಹತ್ತಬಹುದಾದರೆ ಇಲಾಖೆಯ ಚೀಟಿ ಹತ್ತಬಾರದೇ?

1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ತೊಂಬತ್ತು ಮೈಲಿಗೂ ಮಿಕ್ಕಿ ತಂತಿಯಲ್ಲಿ ಹರಿದು ಮೊದಲು ಬಂದದ್ದು ಈ ಸೀಮೆಯ ಚಿನ್ನದ ಗಣಿಗೆ. ಬೆಂಗಳೂರಿಗೆ ಬೀದಿ ದೀಪ ಬಂದದ್ದು ಆಮೇಲೆ, 1905ರಲ್ಲಿ. ಆದರೆ ಆ ಕರೆಂಟು ಬಂದದ್ದು ಗಣಿ ಕಂಪನಿಗೆ, ಸುತ್ತಲ ಹಳ್ಳಿಗಳಿಗಲ್ಲ. ಈಗ ಬಂದಿರುವುದು ಸ್ವಂತ ತಾರಸಿಯ ಕರೆಂಟು. ಅದರ ಲಾಭ ಮನೆಯವರಿಗೆ ಸೇರಬೇಕೋ, ಬ್ಯಾಗು ಹುಡುಗನ ಹಿಂದಿರುವ ಹೆಸರಿಲ್ಲದ ಧಣಿಗೆ ಸೇರಬೇಕೋ ಅನ್ನುವುದು ಸಹಿ ಹಾಕುವ ಮುಂಚೆ ಕೇಳುವ ನಾಲ್ಕು ಪ್ರಶ್ನೆಯಲ್ಲಿದೆ. ಕೆಟ್ಟ ಮೇಲೆ ಬುದ್ಧಿ ಬಂದರೆ ಪ್ರಯೋಜನವಿಲ್ಲ, ಅಟ್ಟ ಮೇಲೆ ಒಲೆ ಉರಿದ ಹಾಗೆ.